ಮೂವತ್ತೊಂದನೇ ಪುಟದ ಡಿ ಫ್ಲ್ಯಾಟ್

ಜನವರಿ ೯

ಇರುವೆ,

ಜೊತೆಗೆ ಬಂದಿರುವ ದಪ್ಪ ಲಕೋಟೆಯನ್ನು ಕೈ ತೊಳೆದುಕೊಂಡು ಬಿಚ್ಚು. ಒಳಗಿರುವುದು ನಾನು ಹದಿನಾಲ್ಕು ತಿಂಗಳು ಕೂತು ಬರೆದ ಕೃತಿ. ನುಡಿಸಿದರೆ ಇಪ್ಪತ್ತನಾಲ್ಕು ನಿಮಿಷ. ಈ ಮಣಿಕಟ್ಟು ಕೈಕೊಡುವವರೆಗೆ ನಾನು ಹದಿನಾರು ವರ್ಷ ವಿಯೋಲಾ ನುಡಿಸಿದೆನಲ್ಲ, ಅದೇ ವಾದ್ಯವೃಂದದವರು ಏಪ್ರಿಲ್ ಕೊನೆಯ ಕಛೇರಿಗೆ ಇದನ್ನು ನೋಡೋಣ ಎಂದಿದ್ದಾರೆ.

ಪಕ್ಕದ ಮನೆಯಾಕೆಗೆ ಖುಷಿಯಲ್ಲಿ "ಹೊಸ ಕಂಡಕ್ಟರ್ ಒಪ್ಪಿಕೊಂಡ್ರು ಕಣ್ರೀ" ಎಂದೆ. "ಯಾವ ರೂಟಿನೋರು?" ಎಂದು ಕೇಳಿದರು. ಕೂರಿಸಿಕೊಂಡು ವಿವರಿಸಬೇಕಾಯಿತು. ಎಲ್ಲ ವಾದ್ಯಗಳನ್ನೂ ಒಂದರ ಕೆಳಗೊಂದು, ತಾಳದ ಲೆಕ್ಕಕ್ಕೆ ಬಾರ್ ಎಂಬ ಪುಟ್ಟ ಅಂಕಣಗಳಾಗಿ ವಿಂಗಡಿಸಿ ಬರೆದಿರುವ ದೊಡ್ಡ ಪುಸ್ತಕ ಸ್ಕೋರ್, ಅದು ಕೈಸನ್ನೆಯಲ್ಲಿ ಎಲ್ಲರನ್ನೂ ನಡೆಸುವ ಕಂಡಕ್ಟರ್ ಮುಂದೆ ಇರುತ್ತದೆ. ನುಡಿಸುವವರ ಮುಂದೆ ಇರುವುದು ಅವರವರ ಸಾಲು ಮಾತ್ರ, ಅದು ಪಾರ್ಟ್. ಸ್ಕೋರಿನಿಂದ ಒಂದೊಂದೇ ಸಾಲು ಬಿಡಿಸಿ ಪಾರ್ಟ್ ಮಾಡುವುದೇ ನನ್ನ ತಂಗಿಯ ಕಸುಬು ಎಂದೆ. "ಅಯ್ಯೋ, ಬರೀ ಕಾಪಿ ಹೊಡೆಯೋ ಕೆಲಸನಾ?" ಎಂದರು. ನೀನು ಅಲ್ಲಿ ಇರಬೇಕಿತ್ತು.

ಷರತ್ತು ಕೇಳು. ಈ ಕಂಡಕ್ಟರಮ್ಮ ಕಡ್ಡಿ ಮುರಿದ ಹಾಗೆ ಹೇಳಿದ್ದಾರೆ: "ರಿಹರ್ಸಲ್‌ನಲ್ಲಿ ಐವತ್ತು ನಿಮಿಷ ಕೊಡ್ತೀನಿ. ಅಷ್ಟರಲ್ಲಿ ಕೃತಿ ತನ್ನ ಕಾಲ ಮೇಲೆ ನಿಂತ್ರೆ ಕಛೇರೀಲಿ ಇರುತ್ತೆ. ಇಲ್ಲಾಂದ್ರೆ ನಮಗೆ ಗೊತ್ತಿರೋ ಹಳೇದೊಂದನ್ನ ನುಡಿಸ್ತೀವಿ." ಪಾರ್ಟಿನಲ್ಲಿ ಒಂದು ತಪ್ಪಿದ್ದರೆ ಐದು ನಿಮಿಷ ಹೋಯಿತು. ಹಾಗಾಗಿ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೆಲಸ ಮಾಡುವವರು ಬೇಕು, ಅದು ನೀನೇ. ಚಿಕ್ಕಂದಿನಿಂದ ನಿನ್ನನ್ನು ಇರುವೆ ಎಂದು ಕರೆಯುವುದು ಸುಮ್ಮನೆ ಅಲ್ಲ.

ಏಳು ವರ್ಷದ ಹಿಂದೆ ನನ್ನ ಮೊದಲ ಪುಟ್ಟ ಕೃತಿ ರಿಹರ್ಸಲ್‌ನಲ್ಲೇ ಕಣ್ಣು ಮುಚ್ಚಿತು. ಆಗಲೂ ಪಾರ್ಟ್ ಮಾಡಿದ್ದು ನೀನು. ನೀನು ಅದನ್ನು ಮನಸ್ಸಿಗೆ ಹಚ್ಚಿಕೊಂಡು ನನ್ನಿಂದ ದೂರ ಇದ್ದೀಯೇನೋ ಎಂದು ಎಷ್ಟೋ ಸಲ ಅನ್ನಿಸಿದೆ. ತಪ್ಪು ನನ್ನ ಕಿವಿಯದು, ನಿನ್ನದಲ್ಲ. ಈ ಸಲ ಬಿಡುವುದಿಲ್ಲ. ಪ್ರತಿ ಸ್ವರವನ್ನೂ ಬಾಡಿಗೆ ಕೀಬೋರ್ಡಿನ ಮೇಲೆ ಒತ್ತಿ ನೋಡಿ ಬರೆದಿದ್ದೇನೆ.

ಫೋನ್ ಮಾಡಬೇಡ. ಫೋನಿನಲ್ಲಿ ನೀನು ಮಾತು ಮರೆಸುತ್ತೀಯ.

ನಿನ್ನ ಅಕ್ಕ


ಜನವರಿ ೨೧

ಅಕ್ಕಾ,

ಕೆಲಸ ಒಪ್ಪಿದ್ದೇನೆ. ಇಲ್ಲಿ ಕೆಲಸ ಕೊಟ್ಟಿರುವ ಯಜಮಾನರಿಗೂ ಹೇಳಿದೆ. ನಮ್ಮ ಕೆಲಸದ ಕೋಣೆ ನೀನು ನೋಡಿದಾಗ ಹೇಗಿತ್ತೋ ಹಾಗೇ ಇದೆ. ನಾಲ್ಕು ಮೇಜು, ಗೋಡೆ ತುಂಬ ಕಂದು ಲಕೋಟೆ, ಕಿಟಕಿಯ ಕೆಳಗೆ ಟಯರ್ ರಿಪೇರಿ ಅಂಗಡಿಯ ಗಾಳಿ ಪಂಪು. ಆ ಪಂಪಿನ ಲಯಕ್ಕೇ ಕೆಲಸ ಮಾಡಿ ಅಭ್ಯಾಸವಾಗಿ, ಅದು ನಿಂತ ದಿನ ಕೈಯೂ ನಿಲ್ಲುತ್ತದೆ.

ಕೊಳಲು, ಓಬೋ, ಕ್ಲಾರಿನೆಟ್ ಮುಗಿದಿವೆ. ಎಲ್ಲ ಪುಟವೂ ನುಡಿಸುವವರಿಗೆ ಬಿಡುವಿರುವ ಕಡೆಯೇ ಮುಗಿಯುವಂತೆ ಮಾಡಿದ್ದೇನೆ, ಪುಟ ತಿರುಗಿಸಲು ಯಾರೂ ಪರದಾಡಬೇಕಿಲ್ಲ. ನೀನು ಬರೆದ ಒಂದೇ ಒಂದು ಸ್ವರವನ್ನೂ ಬದಲಿಸಿಲ್ಲ. ಸಂದೇಹ ಬಂದ ಕಡೆ ಪೆನ್ಸಿಲಿನಲ್ಲಿ ಪ್ರಶ್ನೆ ಹಾಕಿ ಕಳಿಸುತ್ತೇನೆ. ಈವರೆಗೆ ಆರು ಪ್ರಶ್ನೆಗಳಿವೆ, ಹಾಳೆ ಜೊತೆಗಿಟ್ಟಿದ್ದೇನೆ.

ಏಳನೆಯದನ್ನು ಇಲ್ಲೇ ಕೇಳುತ್ತೇನೆ. ಮೂವತ್ತೊಂದನೇ ಪುಟದಲ್ಲಿ ಹನ್ನೊಂದು ಬಾರ್‌ಗಳ ಮೇಲೆ ಅಡ್ಡಗೆರೆ ಹೊಡೆದು, ಮೇಲೆ ಚೀಟಿ ಅಂಟಿಸಿ ಬೇರೆ ನಾಲ್ಕು ಬಾರ್ ಬರೆದಿದ್ದೀಯ. ಚೀಟಿಯ ಅಂಟು ಬಿಟ್ಟಿತ್ತು, ಕೆಳಗಿದ್ದುದನ್ನು ಓದಿದೆ. ಹಳೆಯ ಕೃತಿಯಲ್ಲಿದ್ದ ಅದೇ ಸಾಲುಗಳಲ್ಲವೆ? ಅಷ್ಟು ಚೆನ್ನಾಗಿದ್ದುದನ್ನು ಯಾಕೆ ತೆಗೆದೆ?

ನಿನ್ನ ತಂಗಿ


ಜನವರಿ ೩೦

ಇರುವೆ,

ಆರು ಪ್ರಶ್ನೆಗೂ ಉತ್ತರ ಹಾಳೆಯಲ್ಲಿದೆ. ನಾಲ್ಕರಲ್ಲಿ ನಿನ್ನ ಮಾತು ಸರಿ, ಎರಡರಲ್ಲಿ ನನ್ನದು.

ಏಳನೆಯದಕ್ಕೆ ಒಂದೇ ಸಲ ಹೇಳುತ್ತೇನೆ, ಆಮೇಲೆ ಕೆದಕಬೇಡ. ಕೈಗೆ ಪ್ಲಾಸ್ಟರ್ ಹಾಕಿಸಿಕೊಂಡು ಆಸ್ಪತ್ರೆಯ ಬೆಂಚಿನ ಮೇಲೆ ಕೂತಿದ್ದಾಗ ಆ ಹನ್ನೊಂದು ಬಾರ್ ತಾವಾಗಿ ಬಂದವು. ಅರ್ಧ ನಿಮಿಷದ ಸಂಗೀತ. ಕೆಳಗೆ ಚೆಲ್ಲೋಗಳು ಎ ಫ್ಲ್ಯಾಟ್ ಹಿಡಿದು ನಿಂತಿರುತ್ತವೆ. ಅದರ ಮೇಲೆ ವಿಯೋಲಾಗಳು ಡಿ ಫ್ಲ್ಯಾಟಿಗೆ ಬಂದು, ಒಂದು ಕ್ಷಣ ತಡೆದು, ಕೆಳಗಿನ ಸಿ ಸ್ವರಕ್ಕೆ ಇಳಿಯುತ್ತವೆ. ಮತ್ತೆ ಬರುತ್ತವೆ, ಮತ್ತೆ ಇಳಿಯುತ್ತವೆ. ಇನ್ನು ನುಡಿಸಲಾಗದು ಎಂದು ಡಾಕ್ಟರು ಹೇಳಿದ ದಿನ ನನ್ನನ್ನು ಹಿಡಿದು ನಿಲ್ಲಿಸಿದ್ದು ಅದು. ನಾನು ಬರೆಯಲು ಶುರು ಮಾಡಿದ್ದೇ ಅದಕ್ಕೋಸ್ಕರ.

ರಿಹರ್ಸಲ್‌ನಲ್ಲಿ ಅದು ಹುಳಿ ಹುಳಿಯಾಗಿ ಕೇಳಿಸಿತು. ನಾಲ್ಕು ಸಲ ನುಡಿಸಿದರೂ ಹಾಗೇ. ಆಗಿನ ಕಂಡಕ್ಟರ್ ಎಲ್ಲರ ಮುಂದೆ "ಸ್ವರಗಳೇ ಒಂದಕ್ಕೊಂದು ಕೂರ್ತಿಲ್ಲ, ಬರೆದೋರಿಗೇ ಕೇಳಿಸಿಲ್ಲ ಅನ್ನಿಸುತ್ತೆ" ಎಂದು ಪುಸ್ತಕ ಮುಚ್ಚಿದರು. ಹದಿನಾರು ವರ್ಷ ಆ ಸಾಲಿನಲ್ಲೇ ಕೂತು ನುಡಿಸಿದವಳಿಗೆ ಹಾಗೆ ಅನ್ನಿಸಿಕೊಂಡರೆ ಹೇಗಿರುತ್ತದೆ ಎಂದು ನಿನಗೆ ಬಿಡಿಸಿ ಹೇಳಬೇಕಾಗಿಲ್ಲ. ನನ್ನೊಳಗೆ ಸರಿಯಾಗಿ ಕೇಳಿಸಿದ್ದು ಹೊರಗೆ ತಪ್ಪು ಎಂದರೆ ಇನ್ಯಾವುದನ್ನು ನಂಬಲಿ? ಹತ್ತಿರ ಹತ್ತಿರ ಆರು ವರ್ಷ ಪೆನ್ನು ಮುಟ್ಟಲಿಲ್ಲ.

ಈಗ ಅಂಟಿಸಿರುವ ನಾಲ್ಕು ಬಾರ್ ಸಪ್ಪೆ, ಆದರೆ ಕೈಕೊಡುವುದಿಲ್ಲ. ಇರಲಿ ಬಿಡು.

ನಿನ್ನ ಅಕ್ಕ


ಫೆಬ್ರವರಿ ೧೭

ಅಕ್ಕಾ,

ಈ ಕಾಗದವನ್ನು ಮೂರು ಸಲ ಬರೆದು ಹರಿದೆ. ಇದನ್ನು ಹರಿಯುವುದಿಲ್ಲ. ನೇರವಾಗಿ ಹೇಳಿಬಿಡುತ್ತೇನೆ. ನಿನ್ನ ಕಿವಿ ಸರಿಯಾಗಿಯೇ ಇತ್ತು. ಆ ಹನ್ನೊಂದು ಬಾರ್ ಕೆಡಿಸಿದವಳು ನಾನು.

ಆ ಹಳೆಯ ಕೃತಿಯ ಸ್ಕೋರಿನಲ್ಲಿ ನೀನು ಡಿ ಫ್ಲ್ಯಾಟ್ ಎಂದು ಬರೆದಿದ್ದೆ. ಅದರ ಹಿಂದಿನ ಪುಟದ ತುಂಬ ಶಾರ್ಪುಗಳು. ಶಾರ್ಪು ಓದಿಕೊಂಡು ಬಂದ ಕಣ್ಣು ಇದ್ದಕ್ಕಿದ್ದಂತೆ ಫ್ಲ್ಯಾಟಿಗೆ ಹೊರಳಿದರೆ ತಡವರಿಸುತ್ತದೆ, ಪಾರ್ಟಿನಲ್ಲಿ ಓದಲು ಸುಲಭವಾದುದನ್ನು ಬರೆ ಎಂದು ನಮ್ಮ ಕೋಣೆಯ ಯಜಮಾನರು ಕಲಿಸಿದ್ದರು. ಹಾಗಾಗಿ ವಿಯೋಲಾ ಪಾರ್ಟಿನಲ್ಲಿ ಅಷ್ಟನ್ನೂ ಸಿ ಶಾರ್ಪ್ ಎಂದು ಬರೆದೆ. ಇಪ್ಪತ್ತೆರಡು ಕಡೆ. ಡಿಯನ್ನು ಅರ್ಧ ಮೆಟ್ಟಿಲು ಇಳಿಸಿದರೆ ಡಿ ಫ್ಲ್ಯಾಟ್, ಸಿಯನ್ನು ಅರ್ಧ ಮೆಟ್ಟಿಲು ಏರಿಸಿದರೆ ಸಿ ಶಾರ್ಪ್, ನನ್ನ ಮಟ್ಟಿಗೆ ಎರಡೂ ಒಂದೇ. ನಾನು ಬೆಳೆದದ್ದು ಕೀಬೋರ್ಡಿನ ಮೇಲೆ, ಅಲ್ಲಿ ಎರಡಕ್ಕೂ ಒಂದೇ ಕಪ್ಪು ಮನೆ. ನಿನ್ನ ವಿಯೋಲಾದಲ್ಲಿ ಮನೆಗಳೇ ಇಲ್ಲ, ಪಿಟೀಲಿನ ಹಾಗೆ ಬರೀ ತಂತಿ. ಅಲ್ಲಿ ಬೆರಳು ಹೆಸರು ನೋಡಿ ಜಾಗ ಹುಡುಕಿಕೊಳ್ಳುತ್ತದೆ. ಡಿ ಫ್ಲ್ಯಾಟ್ ಎಂದರೆ ಕೆಳಗಿನ ಸಿಗೆ ಇಳಿಯಲು ಸಿದ್ಧವಾಗಿ ತಗ್ಗಿ ಕೂರುತ್ತದೆ. ಸಿ ಶಾರ್ಪ್ ಎಂದರೆ ಮೇಲಿನ ಡಿಗೆ ಹತ್ತುವ ಹುರುಪಿನಲ್ಲಿ ಕೂದಲೆಳೆಯಷ್ಟು ಮೇಲೆ ಕೂರುತ್ತದೆ. ಕೆಳಗೆ ಚೆಲ್ಲೋಗಳು ಅಲುಗಾಡದೆ ಹಿಡಿದಿದ್ದ ಎ ಫ್ಲ್ಯಾಟಿನ ಮೇಲೆ ಆ ಕೂದಲೆಳೆಯೇ ಹುಳಿಯಾಯಿತು. ಇದನ್ನೆಲ್ಲ ನಾನು ಆಮೇಲೆ ಕಲಿತೆ.

ನಿನ್ನನ್ನು ಒಂದು ಮಾತು ಕೇಳಲಿಲ್ಲ. ಕೇಳಿದ್ದರೆ ನೀನು ಒಂದು ಗಂಟೆ ವಾದ ಮಾಡುತ್ತಿದ್ದೆ, ಶುಕ್ರವಾರ ಸಂಜೆಯೊಳಗೆ ಪಾರ್ಟ್ ಹೋಗಬೇಕಿತ್ತು. ಕಾರಣ ಅಷ್ಟೇ. ದೊಡ್ಡದೇನೂ ಇಲ್ಲ.

ರಿಹರ್ಸಲ್ ಆಗಿ ಒಂದು ತಿಂಗಳಿಗೆ ಪಾರ್ಟುಗಳು ನಮ್ಮ ಕೋಣೆಗೆ ವಾಪಸ್ ಬಂದವು. ವಿಯೋಲಾ ಹಾಳೆಗಳನ್ನು ತೆರೆದೆ. ಪ್ರತಿ ಸಿ ಶಾರ್ಪಿನ ಮೇಲೂ ಪೆನ್ಸಿಲಿನಲ್ಲಿ ಮೇಲ್ಮುಖದ ಪುಟ್ಟ ಬಾಣ. ಸರಿಯಾಗುತ್ತಿಲ್ಲವಲ್ಲ, ಇನ್ನೂ ಸ್ವಲ್ಪ ಏರಿಸೋಣ ಎಂದು ಪಾಪ ಅವರು ನಾಲ್ಕು ಸಲವೂ ಏರಿಸುತ್ತಲೇ ಹೋಗಿದ್ದರು. ಕಟ್ಟು ಕಟ್ಟಿ ಬೀರುವಿನ ಮೇಲೆ ಎಸೆದೆ.

ಆ ಹೊತ್ತಿಗಾಗಲೇ ನೀನು ಅಡುಗೆಮನೆಯಲ್ಲಿ ನಿಂತು "ನನ್ನ ಕಿವಿ ಹೋಯ್ತು ಕಣೇ" ಎಂದು ಅತ್ತಿದ್ದೆ, ನಾನು ನಿನ್ನ ಬೆನ್ನು ಸವರಿ "ಹೋಗ್ಲಿ ಬಿಡಕ್ಕಾ, ಮುಂದಿನ ಸಲ ಆಗುತ್ತೆ" ಎಂದು ಸಮಾಧಾನ ಮಾಡಿದ್ದೆ. ಸಮಾಧಾನ ಮಾಡಿದ ಮೇಲೆ ಹೇಳುವುದು ಹೇಗೆ? ಅಮ್ಮ ಹೋದಾಗ ಬಂದೆನಲ್ಲ, ಹೇಳಲೆಂದೇ ಬಂದಿದ್ದೆ. ಎರಡು ದಿನ ಪಾತ್ರೆ ತೊಳೆದು, ಬಟ್ಟೆ ಮಡಿಸಿ, ಬಸ್ಸು ಹತ್ತಿದೆ. ಫೋನಿನಲ್ಲಿ ಮಾತು ಮರೆಸುತ್ತಿದ್ದುದು ಯಾಕೆ ಎಂದು ಈಗ ನಿನಗೆ ತಿಳಿಯಿತು.

ಆ ಹಾಳೆಗಳನ್ನು ಜೊತೆಗಿಟ್ಟಿದ್ದೇನೆ. ಬಾಣಗಳನ್ನು ನೀನೇ ನೋಡು.

ಹೊಟ್ಟೆಗೆ ಹಾಕಿಕೋ ಎಂದು ಕೇಳುವ ಮುಖ ನನಗಿಲ್ಲ. ಬೇರೊಂದು ಕೇಳುತ್ತೇನೆ, ಅದನ್ನು ಮಾತ್ರ ಬಿಡುವುದಿಲ್ಲ. ಆ ಸಪ್ಪೆ ನಾಲ್ಕು ಬಾರ್ ತೆಗೆದು ಹನ್ನೊಂದನ್ನೂ ವಾಪಸ್ ಹಾಕು. ಎಲ್ಲರ ಪಾರ್ಟಿನಲ್ಲೂ ಜಾಗ ಬಿಟ್ಟಿದ್ದೇನೆ. ಪಾರ್ಟ್ ಬೇರೆಯವರಿಂದ ಮಾಡಿಸುವುದಿದ್ದರೆ ಈವರೆಗಿನದನ್ನೆಲ್ಲ ಒಪ್ಪಿಸಿಬಿಡುತ್ತೇನೆ, ಆದರೆ ಅವು ಇಲ್ಲದೆ ಈ ಕೃತಿ ಹೊರಗೆ ಹೋಗಕೂಡದು.

ನಿನ್ನ ತಂಗಿ


ಮಾರ್ಚ್ ೧೪

ಬಾಣಗಳನ್ನು ಎಣಿಸಿದೆ. ನೂರಾ ಹತ್ತು. ಐದು ಹಾಳೆ, ಒಂದೊಂದರಲ್ಲೂ ಇಪ್ಪತ್ತೆರಡು.

ಮೂರು ವಾರ ನಿನಗೆ ಬರೆಯಲಿಲ್ಲ, ಏಕೆಂದರೆ ಬರೆದಿದ್ದರೆ ಬಾಯಿಗೆ ಬಂದದ್ದೆಲ್ಲ ಕಾಗದಕ್ಕೂ ಬರುತ್ತಿತ್ತು. ತಪ್ಪು ಎಲ್ಲರೂ ಮಾಡುತ್ತಾರೆ, ಅದಕ್ಕಲ್ಲ. ನೀನು ನನ್ನ ಬೆನ್ನು ಸವರಿದ್ದನ್ನು ನೆನೆದರೆ ಮೈ ಉರಿಯುತ್ತದೆ.

ಇನ್ನೊಂದು ಹೇಳುತ್ತೇನೆ, ಕೇಳಿಸಿಕೋ. ಆ ದಿನ ನಾನು ಹಿಂದಿನ ಸಾಲಿನಲ್ಲಿ ಕೂತಿದ್ದೆ. ಎದ್ದು ಹತ್ತು ಹೆಜ್ಜೆ ನಡೆದು ವಿಯೋಲಾ ಹಾಳೆಯನ್ನು ಒಮ್ಮೆ ನೋಡಿದ್ದರೆ ಆಗಲೇ ಮುಗಿದುಹೋಗುತ್ತಿತ್ತು. ಬೇರೆ ಯಾರು ಪಾರ್ಟ್ ಮಾಡಿದ್ದರೂ ನೋಡುತ್ತಿದ್ದೆ. ಮಾಡಿದವಳು ನೀನು ಎಂದು ನೋಡಲಿಲ್ಲ.

ಪಾರ್ಟ್ ನೀನೇ ಮುಗಿಸು. ಬೇರೆಯವರಿಗೆ ಕೊಡಲು ಈಗ ಸಮಯವಿಲ್ಲ. ನಾನು ಬರೆದಿರುವುದರಲ್ಲಿ ಒಂದು ಚುಕ್ಕಿಯನ್ನೂ ಅತ್ತಿತ್ತ ಮಾಡುವ ಹಾಗಿಲ್ಲ. ಓದಲು ಕಷ್ಟವಾದರೆ ಕಷ್ಟಪಟ್ಟು ಓದಲಿ.

ಹನ್ನೊಂದು ಬಾರ್ ವಾಪಸ್ ಹಾಕಿದ್ದೇನೆ. ನೀನು ಕೇಳಿದೆ ಎಂದಲ್ಲ. ಅವು ನನ್ನವು.

ಅಕ್ಕ


ಮಾರ್ಚ್ ೨೨

ಅಕ್ಕಾ,

ಕಮಾನು ಹಾಕಿ ನುಡಿಸುವ ವಾದ್ಯಗಳೆಲ್ಲ ಮುಗಿದವು. ವಿಯೋಲಾ ಪಾರ್ಟನ್ನು ಸ್ಕೋರಿನ ಜೊತೆ ಐದು ಸಲ ಹೋಲಿಸಿದೆ. ಹನ್ನೊಂದು ಬಾರಿನಲ್ಲೂ ಡಿ ಫ್ಲ್ಯಾಟ್ ಡಿ ಫ್ಲ್ಯಾಟಾಗಿಯೇ ಇದೆ.

ಒಂದು ಚುಕ್ಕಿಯನ್ನೂ ಅತ್ತಿತ್ತ ಮಾಡಬೇಡ ಎಂದಿದ್ದೀಯ. ಮಾಡಿಲ್ಲ. ಆದರೆ ಕೇಳಲೇಬೇಕಾದದ್ದು ಒಂದಿದೆ, ನೀನು ಬೈದರೂ ಸರಿ. ನೂರಾ ಹದಿನೆಂಟನೇ ಬಾರಿನಲ್ಲಿ ಹಾರ್ಪಿಗೆ ಡಿ ಫ್ಲ್ಯಾಟ್ ಮತ್ತು ಬರೀ ಡಿ ಎರಡನ್ನೂ ಒಟ್ಟಿಗೆ ಮೀಟಲು ಬರೆದಿದ್ದೀಯ. ಹಾರ್ಪಿನಲ್ಲಿ ಒಂದೊಂದು ಸ್ಥಾಯಿಗೆ ಡಿಗೆಂದು ಇರುವುದು ಒಂದೇ ತಂತಿ, ಎಲ್ಲ ಡಿ ತಂತಿಗಳಿಗೂ ಕಾಲಡಿಯಲ್ಲಿ ಒಂದೇ ಪೆಡಲ್. ಅದನ್ನು ಫ್ಲ್ಯಾಟಿಗೆ ಇಟ್ಟರೆ ಎಲ್ಲ ಡಿಯೂ ಫ್ಲ್ಯಾಟ್. ಬರೆದ ಹಾಗೆ ಅದನ್ನು ಯಾರ ಕೈಯಲ್ಲೂ ನುಡಿಸಲು ಆಗುವುದಿಲ್ಲ. ಡಿ ಫ್ಲ್ಯಾಟನ್ನು ಸಿ ಶಾರ್ಪ್ ಎಂದು ಬರೆದರೆ ಅದು ಪಕ್ಕದ ಸಿ ತಂತಿಗೆ ಹೋಗುತ್ತದೆ, ಡಿ ತಂತಿ ಬಿಡುವಾಗಿರುತ್ತದೆ. ಹಾರ್ಪಿನಲ್ಲಿ ಬೆರಳು ಏರಿಸುವುದು ಇಳಿಸುವುದು ಇಲ್ಲ, ಕೇಳಿಸುವುದು ನೀನು ಬಯಸಿದ ನಾದವೇ.

ಯಾವ ಹೊತ್ತಿನಲ್ಲಿ ಯಾವ ಬದಲಾವಣೆ ಕೇಳುತ್ತಿದ್ದೇನೆ ಎಂದು ನನಗೆ ಗೊತ್ತು. ಸದ್ದಿಲ್ಲದೆ ಬದಲಿಸಿದ್ದರೆ ನಿನಗೆ ತಿಳಿಯುತ್ತಲೂ ಇರಲಿಲ್ಲ. ಹಾಗೆ ಇನ್ನು ಮಾಡುವುದಿಲ್ಲ. ನೀನು ಹೂಂ ಎನ್ನುವವರೆಗೆ ಹಾರ್ಪ್ ಪಾರ್ಟ್ ನನ್ನ ಮೇಜಿನ ಮೇಲೇ ಇರುತ್ತದೆ.

ನಿನ್ನ ತಂಗಿ


ಮಾರ್ಚ್ ೨೮

ಮತ್ತೆ ಅದೇ ಸಿ ಶಾರ್ಪ್! ನಿನಗೆ ಧೈರ್ಯ ಎಷ್ಟು! ಆಗುವುದಿಲ್ಲ. ಬರೆದ ಹಾಗೆ ಕಳಿಸು.

ಅಕ್ಕ


ಏಪ್ರಿಲ್ ೩

ನಮಸ್ಕಾರ,

ನಾನು ನಿಮ್ಮ ವಾದ್ಯವೃಂದದಲ್ಲಿ ಎರಡು ವರ್ಷದಿಂದ ಹಾರ್ಪ್ ನುಡಿಸುತ್ತಿದ್ದೇನೆ. ನಿಮ್ಮ ಕಾಲಕ್ಕೆ ಇರಲಿಲ್ಲ, ಹಾಗಾಗಿ ಪರಿಚಯವಿಲ್ಲ. ನಿಮ್ಮ ತಂಗಿ ನಿನ್ನೆ ಮೂರು ತಾಸು ಬಸ್ಸಿನಲ್ಲಿ ಬಂದು, ನನ್ನ ಅಭ್ಯಾಸದ ಕೋಣೆಯ ಹೊರಗೆ ಕಾದು ಕೂತು, ಈ ಒಂದು ಬಾರನ್ನು ನುಡಿಸಿ ತೋರಿಸಿ ಎಂದು ಕೇಳಿದರು. ನುಡಿಸಲು ಆಗಲಿಲ್ಲ. ನನ್ನ ಗುರುಗಳು ಬಂದರೂ ಆಗುವುದಿಲ್ಲ. ಪೆಡಲ್ ಏಳು, ಕಾಲು ಎರಡು, ಡಿಯ ಪೆಡಲ್ ಒಂದೇ. ಸಿ ಶಾರ್ಪ್ ಎಂದು ಬರೆದರೆ ಕಣ್ಣು ಮುಚ್ಚಿ ನುಡಿಸುತ್ತೇನೆ, ಬಹಳ ಸುಂದರವಾದ ಜಾಗ ಅದು.

"ಹಾಗಿದ್ರೆ ನೀವೇ ಪೆನ್ಸಿಲಲ್ಲಿ ತಿದ್ದಿಕೊಳ್ಳಿ ಅಂತ ಹೇಳಿಬಿಡಬಹುದಿತ್ತಲ್ಲ?" ಎಂದೆ ಅವರಿಗೆ. "ನಮ್ಮಕ್ಕನಿಗೆ ಗೊತ್ತಿಲ್ಲದೆ ಒಂದು ಗೆರೆ ಕೂಡ ಬೇಡ, ದಯವಿಟ್ಟು ನೀವೇ ಬರೆದು ಹೇಳಿ" ಎಂದರು. ಅದಕ್ಕೆ ಈ ಚೀಟಿ.

ಹಾರ್ಪ್ ನುಡಿಸುವಾಕೆ


ಏಪ್ರಿಲ್ ೭

ಇರುವೆ,

ಹಾರ್ಪಿನಾಕೆಯ ಚೀಟಿ ಬಂತು. ಸಿ ಶಾರ್ಪ್ ಎಂದೇ ಹಾಕು. ಪಾರ್ಟಿನಲ್ಲಿ ಮಾತ್ರವಲ್ಲ, ಸ್ಕೋರಿನಲ್ಲೂ ನಾನೇ ನನ್ನ ಕೈಯಾರೆ ತಿದ್ದಿದ್ದೇನೆ, ಆ ಪುಟ ಜೊತೆಗಿದೆ. ಕಂಡಕ್ಟರಮ್ಮ ಸ್ವರಕ್ಕೆ ಒಂದು ಹೆಸರು ಹೇಳಿ ಹಾರ್ಪಿನಾಕೆಯ ಹಾಳೆಯಲ್ಲಿ ಇನ್ನೊಂದಿದ್ದರೆ ಅದಕ್ಕೆ ಮೂರು ನಿಮಿಷ ಹಾಳು.

ಇಷ್ಟು ವರ್ಷ ವಾದ್ಯವೃಂದದಲ್ಲಿದ್ದೂ ಹಾರ್ಪಿನ ಕಾಲಡಿ ಏನಿದೆ ಎಂದು ಬಗ್ಗಿ ನೋಡಿರಲಿಲ್ಲ. ನಾಚಿಕೆಯಾಯಿತು. ನಿನಗೆ ತಂತಿ ಗೊತ್ತಿರಲಿಲ್ಲ, ನನಗೆ ಪೆಡಲ್ ಗೊತ್ತಿರಲಿಲ್ಲ. ಆದರೆ ನೀನು ಈ ಸಲ ಕೇಳಿದೆ, ನಾನು ಬೇಡ ಎಂದ ಮೇಲೂ ಕೇಳಿದೆ. ಅದನ್ನು ಗಮನಿಸಿದ್ದೇನೆ ಎಂದು ಹೇಳಲು ಇಷ್ಟು ಬರೆದೆ.

ಇಪ್ಪತ್ತಾರಕ್ಕೆ ರಿಹರ್ಸಲ್. ನೀನು ಬರುವುದು ಬೇಡ. ನಿನ್ನ ಮುಖ ನೋಡಿಕೊಂಡು ಸಂಗೀತ ಕೇಳಲು ನನ್ನಿಂದಾಗದು.

ನಿನ್ನ ಅಕ್ಕ


ಏಪ್ರಿಲ್ ೨೭

ಇರುವೆ,

ಕೃತಿ ತನ್ನ ಕಾಲ ಮೇಲೆ ನಿಂತಿತು. ಐವತ್ತರಲ್ಲಿ ನಲವತ್ತೊಂದೇ ನಿಮಿಷ ಹಿಡಿಯಿತು. ಕಛೇರಿಯಲ್ಲಿ ಇರುತ್ತದೆ. ಇದನ್ನು ಮೊದಲು ಹೇಳಿಬಿಡುತ್ತೇನೆ, ನೀನು ಉಸಿರು ಬಿಗಿ ಹಿಡಿದು ಓದುವುದು ಬೇಡ.

ನಿನ್ನ ಪಾರ್ಟುಗಳಲ್ಲಿ ಒಂದು ತಪ್ಪು ಸಿಗಲಿಲ್ಲ. ಟ್ರಂಪೆಟ್ಟಿನವನು "ಪುಟ ತಿರುಗಿಸೋಕೆ ಇಷ್ಟು ಬಿಡುವು ಕೊಟ್ಟವರನ್ನ ನಾನು ನೋಡೇ ಇಲ್ಲ" ಎಂದು ಎಲ್ಲರಿಗೂ ಕೇಳುವಂತೆ ಹೇಳಿದ. ಹಾರ್ಪಿನಾಕೆ ಆ ಬಾರನ್ನು ನುಡಿಸಿ ನನ್ನ ಕಡೆ ತಿರುಗಿ ನಕ್ಕಳು.

ಆ ಹನ್ನೊಂದು ಬಾರ್ ಹತ್ತಿರ ಬಂದವು. ಬಾಣಗಳನ್ನೆಲ್ಲ ನೋಡಿದ್ದರೂ ಒಳಗೆ ಒಂದು ಮೂಲೆಯಲ್ಲಿ ಅನುಮಾನವಿತ್ತು: ತಂಗಿ ನನ್ನ ಮೇಲಿನ ಕನಿಕರಕ್ಕೆ ಹೀಗೆ ಬರೆದಿರಬಹುದು, ನಿಜವಾಗಿ ನನ್ನ ಕಿವಿಯೇ ಕೆಟ್ಟಿರಬಹುದು. ಚೆಲ್ಲೋಗಳು ಎ ಫ್ಲ್ಯಾಟ್ ಹಿಡಿದವು. ವಿಯೋಲಾಗಳು ಬಂದು ಅದರ ಮೇಲೆ ಕೂತವು. ಕೂತವು, ಇರುವೆ! ಆಸ್ಪತ್ರೆಯ ಬೆಂಚಿನ ಮೇಲೆ ಕೇಳಿಸಿದ್ದು ಅದೇ, ಎಳ್ಳಷ್ಟೂ ಹೆಚ್ಚುಕಡಿಮೆಯಿಲ್ಲ. ಕಂಡಕ್ಟರಮ್ಮ ನಿಲ್ಲಿಸಿದರು. "ವಿಯೋಲಾ, ಇನ್ನೊಂದ್ಸಲ. ತಪ್ಪಾಗಿದೆ ಅಂತಲ್ಲ, ನನಗೆ ಮತ್ತೆ ಕೇಳಬೇಕು" ಎಂದರು.

ಎರಡನೇ ಸಲ ನುಡಿಸುವಾಗ ನಾನು ಎದ್ದು ಮೆಟ್ಟಿಲ ಕಡೆ ಹೋಗಿ ಅತ್ತುಬಿಟ್ಟೆ. ಸಂತೋಷಕ್ಕೆ ಎಂದುಕೊಳ್ಳಬೇಡ. ಏಳು ವರ್ಷ ಇದು ಸರಿಯಾಗಿಯೇ ಇತ್ತಲ್ಲ, ಅದಕ್ಕೆ. ಆ ಏಳು ವರ್ಷದಲ್ಲಿ ಬರೆಯಬಹುದಾಗಿದ್ದುದನ್ನೆಲ್ಲ ಲೆಕ್ಕ ಹಾಕಿ ಅತ್ತೆ.

ವಿರಾಮದಲ್ಲಿ ವಿಯೋಲಾ ಸಾಲಿನ ಹಿರಿಯರು, ನನ್ನ ಪಕ್ಕದ ಕುರ್ಚಿಯಲ್ಲಿ ಒಂಬತ್ತು ವರ್ಷ ಕೂತಿದ್ದವರು, ಹತ್ತಿರ ಬಂದರು. "ಇದು ಆವತ್ತಿಂದೇ ಅಲ್ವೇನಮ್ಮಾ? ನಾಲ್ಕು ಸಲ ನುಡಿಸಿ ಕೈಬಿಟ್ವಲ್ಲ. ಆವತ್ತು ಯಾಕೆ ಹಂಗಾಯ್ತು?" ಎಂದು ಕೇಳಿದರು.

ನಿನ್ನ ಹೆಸರು ನಾಲಿಗೆಯ ತುದಿಗೆ ಬಂದಿತ್ತು. ಸುಳ್ಳು ಹೇಳುವುದಿಲ್ಲ, ಹೇಳಿಬಿಡಬೇಕು ಎಂದು ತುಂಬ ಅನ್ನಿಸಿತು. "ಆವತ್ತು ಇದನ್ನ ನುಡಿಸಲೇ ಇಲ್ಲ ಬಿಡಿ. ಇವತ್ತೇ ಮೊದಲು" ಎಂದೆ. ಅವರಿಗೆ ಅರ್ಥವಾಗಲಿಲ್ಲ, ತಲೆ ಕೆರೆದುಕೊಂಡು ಕಾಫಿಗೆ ಹೋದರು. ನಿನ್ನನ್ನು ಉಳಿಸಲು ಹಾಗೆ ಹೇಳಿದೆ ಎಂದು ತಿಳಿಯಬೇಡ. ಯೋಚಿಸಿ ನೋಡಿದರೆ ಅದೇ ನಿಜ.

ಮನೆಗೆ ಬಂದು ಬಾಡಿಗೆ ಕೀಬೋರ್ಡನ್ನು ಅಂಗಡಿಗೆ ವಾಪಸ್ ಕಳಿಸಿದೆ. ಇನ್ನು ಒತ್ತಿ ನೋಡಿ ಬರೆಯುವ ಅಗತ್ಯವಿಲ್ಲ. ಹೊಸದೊಂದು ಶುರು ಮಾಡಿದ್ದೇನೆ, ಎರಡು ಪುಟ ಆಗಿದೆ. ನನಗೆ ಐವತ್ತೆಂಟು, ಬರೆಯಬೇಕಾದದ್ದು ಬಹಳ ಇದೆ, ಕೂತು ಮರುಗುತ್ತಿದ್ದರೆ ಮುಗಿಯುವುದಿಲ್ಲ.

ಮೂವತ್ತಕ್ಕೆ ಸಂಜೆ ಆರೂವರೆಗೆ ಕಛೇರಿ. ಐದನೇ ಸಾಲಿನಲ್ಲಿ ಎರಡು ಕುರ್ಚಿ ಹೇಳಿದ್ದೇನೆ, ಒಂದು ನಿನಗೆ. ನನ್ನ ಕೋಪ ಹೋಗಿಲ್ಲ, ಬೇಗ ಹೋಗುವ ಹಾಗೂ ಕಾಣುತ್ತಿಲ್ಲ. ನೀನು ಬಂದರೆ ನಿನ್ನ ಜೊತೆ ಮಾತನಾಡುತ್ತೇನೋ ಇಲ್ಲವೋ ಗೊತ್ತಿಲ್ಲ. ಆದರೆ ಆ ಸಭಾಂಗಣದಲ್ಲಿ ಎಂಟುನೂರು ಜನ ಕೂತಿದ್ದರೂ, ವಿಯೋಲಾಗಳು ಆ ಸ್ವರಕ್ಕೆ ಬಂದು ಇಳಿಯುವಾಗ ಅದು ಏನೆಂದು ಬಲ್ಲವರು ನಾವಿಬ್ಬರೇ. ಒಬ್ಬಳೇ ಕೂತು ಕೇಳಲು ನನಗಿಷ್ಟವಿಲ್ಲ. ಬಾ.

ನಿನ್ನ ಅಕ್ಕ